ಮಳೆ ಸಂಜೆಯ ಸುಖ



ಬಂಧುಗಳೇ, ವರ್ಷಾವಾಸದ ದಿನಗಳಿವು. ಮಳೆಗಾಲದ ಮೂರು ತಿಂಗಳು ಭಿಕ್ಖುಗಳು ಒಂದೆಡೆ ನೆಲೆ ನಿಲ್ಲುತ್ತಾರೆ. ಉಪಾಸಕರಾದ ನಮಗೆ ಅದು ಸಾಧ್ಯವಿಲ್ಲ. ಗಂಗಾವತಿ ಕಡೆ ತಲೆಗೆ ಪ್ಲಾಸ್ಟಿಕ್ ಹೊದ್ದುಕೊಂಡಾದರೂ ಭತ್ತದ ನಾಟಿಗೆ ಇಳಿಯಬೇಕು. ಗಿಣಿಗೇರಿಯ ಕಾರ್ಖಾನೆಗಳಲ್ಲಿ ಪಾಳಿ ತಪ್ಪಿಸುವಂತಿಲ್ಲ. ಕುಷ್ಟಗಿಗೋ ಯಲಬುರ್ಗಾಕ್ಕೋ ಬಸ್ಸಿನಲ್ಲಿ ಹೋಗಿ ಬರುವ ನೌಕರರು ಮನೆ ಸೇರುವಷ್ಟರಲ್ಲಿ ತೊಯ್ದಿರುತ್ತಾರೆ. ಇಂಥ ದಿನದ ಸಂಜೆ ಮನೆಮಂದಿಯೆಲ್ಲ ಹೊರಗೆ ಹೋಗಿ, ಒಗ್ಗರಣಿ, ಬಿಸಿ ಮಿರ್ಚಿ ತಿಂದು, ಒಂದು ಸಿನಿಮಾ ನೋಡಿ ಬಂದರೆ ಮನಸ್ಸು ಹಗುರವಾಗುತ್ತದೆ.

ಕೆಲವರು ಕೇಳುವುದುಂಟು: ಇದು ತೃಷ್ಣೆಯಲ್ಲವೇ? ಧಮ್ಮದ ದಾರಿಯಲ್ಲಿರುವವರು ಇಂಥದ್ದಕ್ಕೆ ದುಡ್ಡು ಖರ್ಚು ಮಾಡಬಹುದೇ?

ಅಂಗುತ್ತರ ನಿಕಾಯದಲ್ಲಿ ಇದಕ್ಕೆ ಉತ್ತರವಿದೆ. ಗೃಹಸ್ಥನಿಗೆ ನಾಲ್ಕು ಸುಖಗಳಿವೆ ಎಂದು ಬುದ್ಧರು ಅನಾಥಪಿಂಡಿಕನಿಗೆ ಹೇಳಿದರು. ಬೆವರು ಸುರಿಸಿ ನ್ಯಾಯವಾಗಿ ಗಳಿಸಿದ್ದು ತನ್ನ ಬಳಿ ಇದೆ ಎಂಬ ಸುಖ. ಆ ಗಳಿಕೆಯನ್ನು ಅನುಭವಿಸುವ, ಅದರಿಂದ ಪುಣ್ಯಕಾರ್ಯ ಮಾಡುವ ಸುಖ. ಸಾಲವಿಲ್ಲದ ಸುಖ. ಕಾಯ, ಮಾತು, ಮನಸ್ಸುಗಳಲ್ಲಿ ದೋಷವಿಲ್ಲದ ಸುಖ. ಮೊದಲ ಮೂರೂ ಸೇರಿದರೂ ನಾಲ್ಕನೆಯದರ ಹದಿನಾರನೇ ಒಂದು ಪಾಲಿಗೆ ಸಮವಲ್ಲ ಎಂದೂ ಹೇಳಿದರು. ಅಂದರೆ ದುಡಿದವರು ಹೆಂಡತಿ ಮಕ್ಕಳೊಡನೆ ಉಣ್ಣುವುದು, ನಗುವುದು ಪಾಪವಲ್ಲ. ಸಾಲ ಮಾಡಿ ಮೆರೆಯುವುದು ಬೇರೆ, ಇದು ಬೇರೆ.

ಆದರೆ ನಮ್ಮ ನಾಡಿನಲ್ಲಿ ಎರಡನೆಯ ಸುಖಕ್ಕೆ ಬಾಗಿಲು ಕಾಯುವವರಿದ್ದಾರೆ. 1901ರಲ್ಲಿ ಬಾಲಕ ಭೀಮರಾವ್ ಅಣ್ಣನೊಡನೆ, ಅಕ್ಕನ ಮಕ್ಕಳೊಡನೆ ಹೊಸ ಬಟ್ಟೆ ತೊಟ್ಟು ತಂದೆಯನ್ನು ನೋಡಲು ಹೊರಟರು. ಅದೂ ಮಕ್ಕಳು ಆಸೆಯಿಂದ ಹೊರಟ ಪಯಣವೇ. ಮಸೂರು ನಿಲ್ದಾಣದಲ್ಲಿ ಜಾತಿ ತಿಳಿದ ಮೇಲೆ ಯಾವ ಬಂಡಿಯವನೂ ಬರಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು ತಾವೇ ಬಂಡಿ ಹೊಡೆಯಬೇಕಾಯಿತು. ಬುತ್ತಿಯಿದ್ದರೂ ನೀರು ಸಿಗದೆ ಆ ರಾತ್ರಿ ಹಸಿದು ಮಲಗಿದರು. ಕೈಯಲ್ಲಿ ಹಣವಿತ್ತು, ಅನ್ನವಿತ್ತು, ಸುಖವಿರಲಿಲ್ಲ.

ಇದು ಹಳೆಯ ಮಾತಲ್ಲ. 2021ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ಮಗುವಿನ ಹುಟ್ಟುಹಬ್ಬ. ತಂದೆ ಮಗುವಿನೊಡನೆ ದೇವಸ್ಥಾನದ ಹೊರಗೆ ನಿಂತು ಕೈ ಮುಗಿಯುತ್ತಿದ್ದಾಗ ಮಳೆ ಹನಿಯಿತು. ಮಗು ಒಳಗೆ ಓಡಿತು. ಶುದ್ಧೀಕರಣದ ಹೆಸರಿನಲ್ಲಿ 20,000 ರೂಪಾಯಿಗೂ ಹೆಚ್ಚಿನ ದಂಡ ಹೇರಲಾಯಿತು. ವಿಷಯ ಹೊರಬಂದ ಮೇಲೆ ಐವರ ಬಂಧನವಾಯಿತು. ಮುಂದೆ ಸರ್ಕಾರ ಆ ಮಗುವಿನ ಹೆಸರಿನಲ್ಲೇ ಅಸ್ಪೃಶ್ಯತೆಯ ವಿರುದ್ಧ ಒಂದು ಯೋಜನೆ ತಂದಿತು. 2014ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳು ಸುಟ್ಟವು. ಸಿನಿಮಾ ಟಿಕೆಟ್ಟಿನ ಜಗಳ ಅದಕ್ಕೆ ನೆಪವಾಗಿತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಸಂವಿಧಾನದ 15(2)ನೇ ವಿಧಿ ತೆರೆದು ಓದಿ. ಅಂಗಡಿ, ಹೋಟೆಲು, ಮನರಂಜನೆಯ ಸ್ಥಳ, ಬಾವಿ, ಕೆರೆ, ರಸ್ತೆ ಎಂದು ಬಿಡಿಸಿ ಬಿಡಿಸಿ ಬರೆದು, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಎಂದಿದೆ. ಮಸೂರಿನಲ್ಲಿ ಬಂಡಿ ಸಿಗದ ಆ ಬಾಲಕರೇ ಕರಡು ಸಮಿತಿಯ ಅಧ್ಯಕ್ಷರಾಗಿದ್ದರು. ನಮ್ಮ ಒಂದು ಸಾಮಾನ್ಯ ಸಂಜೆಯ ಹಿಂದೆ ಅವರ ಹಸಿದ ರಾತ್ರಿಯಿದೆ. ಅದನ್ನು ಚಿಕ್ಕದೆನ್ನಬೇಡಿ.

ಇಷ್ಟಕ್ಕೇ ನಿಂತರೆ ನಾಲ್ಕನೆಯ ಸುಖ ದಕ್ಕುವುದಿಲ್ಲ. ನಮಗೆ ಬಾಗಿಲು ತೆರೆದ ಮೇಲೆ ನಾವು ಯಾರಿಗೆ ಬಾಗಿಲು ಮುಚ್ಚಿದ್ದೇವೆ? ಮನೆ ಕಾಯಲೆಂದು ಮುದುಕಿ ಅವ್ವನನ್ನು ಬಿಟ್ಟು ಹೋಗುತ್ತೇವೆಯೇ? ಟೇಬಲ್ ಒರೆಸುವ ಹುಡುಗನನ್ನು ‘ಲೇ’ ಎಂದು ಕರೆಯುತ್ತೇವೆಯೇ? ನಮಗಿಂತ ಕೆಳಗಿನವರೆಂದು ಎಣಿಸಿದವರ ಮನೆಯಲ್ಲಿ ನೀರು ಕುಡಿಯಲು ಹಿಂಜರಿಯುತ್ತೇವೆಯೇ? ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದದ್ದು ಇದನ್ನೇ. ಪಂಚಶೀಲ ಹೇಳಿದ ಬಾಯಲ್ಲಿ ಅದು ಉಳಿಯಬಾರದು.

ಇಂದಿನ ಅಭ್ಯಾಸ: ಮುಂದಿನ ಸಲ ಹೊರಗೆ ಹೋಗುವಾಗ ಮನೆಯಲ್ಲಿ ಉಳಿದುಹೋಗುವವರನ್ನು ಮೊದಲು ಹೊರಡಿಸಿ. ಮಳೆ ಬಿಟ್ಟಿದ್ದರೆ ಕೊಪ್ಪಳದ ಗವಿಮಠದ ಬೆಟ್ಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ಅಶೋಕನ ಶಾಸನ ತೋರಿಸಿ. ತಾನು ಉಪಾಸಕನೆಂದು ಹೇಳಿಕೊಂಡ ಆ ಚಕ್ರವರ್ತಿ, ಧಮ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಶ್ರಮಿಸುವ ಸಣ್ಣವರಿಗೂ ಸಿಗುತ್ತದೆ ಎಂದು ಕಲ್ಲಿನ ಮೇಲೆ ಬರೆಸಿದ್ದಾನೆ ಎಂದು ಹೇಳಿ.

ಭವತು ಸಬ್ಬ ಮಂಗಲಂ.