ಮೊಸಳೆಯ ಮುಖ ಯಾವ ಕಡೆಗೆ?

ಮೈಮೇಲೆ ನೂಲಿನ ಎಳೆಯೂ ಇಲ್ಲದೆ ನಿಂತ ಬಾಹುಬಲಿಯ ಊರಿನಲ್ಲಿ ಅಂಗಿಯ ಬ್ರ್ಯಾಂಡಿನ ಜಗಳಕ್ಕೇನು ಕೆಲಸ ಎನ್ನಿಸಬಹುದು. ಆದರೆ ಶ್ರವಣಬೆಳಗೊಳದ ಜೈನ ಧರ್ಮ ಮುನಿಗಳಿಗೆ ಮಾತ್ರ ಮೀಸಲಾದದ್ದಲ್ಲ. ಬೆಟ್ಟ ಇಳಿದು ಅಂಗಡಿ ಬಾಗಿಲು ತೆಗೆಯುವ ಶ್ರಾವಕನಿಗೂ ಸೇರಿದ್ದು. ಬಟ್ಟೆ ಬಿಟ್ಟವನಿಗೆ ಮಹಾವ್ರತ, ಬಟ್ಟೆ ಮಾರುವವನಿಗೆ ಅದರ ಸಣ್ಣ ರೂಪವಾದ ಅಣುವ್ರತ. ಹಾಗಾಗಿ ಬ್ರ್ಯಾಂಡಿನ ಪ್ರಶ್ನೆಯನ್ನು ಅಲ್ಲಿಯೇ ಕೇಳಬೇಕು. ಮೊಸಳೆಯನ್ನೇ ಗುರುತಾಗಿಸಿಕೊಂಡ ಲಾಕೋಸ್ಟ್ ಮತ್ತು ಕ್ರೊಕೊಡೈಲ್ ಎಂಬ ಬಟ್ಟೆ ಕಂಪನಿಗಳ ಮೊಕದ್ದಮೆಯನ್ನೇ ನೋಡಿ. ಫ್ರಾನ್ಸಿನ ಲಾಕೋಸ್ಟ್‌ನವರ ಮೊಸಳೆ ಬಲಕ್ಕೆ ಮುಖ ಮಾಡಿದೆ, ಸಿಂಗಪುರದ ಕ್ರೊಕೊಡೈಲ್‌ನವರದು ಎಡಕ್ಕೆ. 2001ರಲ್ಲಿ ದೆಹಲಿ ಹೈಕೋರ್ಟಿಗೆ ಹೋದ ದಾವೆಯಲ್ಲಿ 2024ರ ಆಗಸ್ಟ್‌ನಲ್ಲಿ ಲಾಕೋಸ್ಟ್‌ಗೆ ತಡೆಯಾಜ್ಞೆ ಸಿಕ್ಕಿತು. ಎದೆಯ ಮೇಲಿನ ಇಷ್ಟೇ ಇಷ್ಟು ಮೊಸಳೆಗೆ 23 ವರ್ಷ! ಇಲ್ಲಿ ದೋಷ ಯಾವುದು: ಗುರುತು ನನ್ನದೆಂದು ಪಟ್ಟು ಹಿಡಿದವನ ಪರಿಗ್ರಹವೋ (ಒಡೆತನದ ಮೋಹವೋ), ಹೋಲುವಂತೆ ಬರೆದವನ ಕಳವೋ?

ವೈರಾಗ್ಯದ ಕಣ್ಣಿಗೆ ಇದೆಲ್ಲ ಪರಿಗ್ರಹವೇ. ಹಾಗೆಂದು ಕೈತೊಳೆದುಕೊಳ್ಳಲು ಶಾಸ್ತ್ರವೇ ಬಿಡುವುದಿಲ್ಲ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರ 7ನೇ ಅಧ್ಯಾಯದಲ್ಲಿ ಕದಿಯಬಾರದೆಂಬ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ತಗಲುವ ದೋಷಗಳನ್ನು, ಹೇಳುತ್ತದೆ: ಕಳ್ಳನಿಗೆ ಕುಮ್ಮಕ್ಕು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರುವುದು, ಅಳತೆ-ತೂಕದಲ್ಲಿ ಮೋಸ, ಕೊನೆಗೆ ಪ್ರತಿರೂಪಕ ವ್ಯವಹಾರ. ನಕಲಿ ಚಿನ್ನ ಮೊದಲಾದವುಗಳಿಂದ ವಂಚಿಸಿ ಮಾಡುವ ವ್ಯಾಪಾರವೆಂದು ಆ ಸೂತ್ರಗಳಿಗೆ ಪೂಜ್ಯಪಾದರು ಬರೆದ ಟೀಕೆ ಸರ್ವಾರ್ಥಸಿದ್ಧಿ ಈ ಕೊನೆಯದನ್ನು ಬಿಡಿಸುತ್ತದೆ. ಸುಳ್ಳು ತಕ್ಕಡಿಯ ಮಗ್ಗುಲಲ್ಲೇ ಇದಕ್ಕೆ ಜಾಗ ಸಿಕ್ಕಿದ್ದು ನನಗೆ ಮುಖ್ಯವಾಗಿ ಕಾಣುತ್ತದೆ. ತೂಕದಲ್ಲಿ ಮೋಸಹೋಗುವವನು ಗಿರಾಕಿ. ಹೋಲುವ ಹೆಸರಿನಲ್ಲೂ ಮೊದಲು ಕಳೆದುಕೊಳ್ಳುವವನು ಅವನೇ, ಪಕ್ಕದಂಗಡಿಯವನ ನಷ್ಟ ಆಮೇಲಿನದು. 1962ರ ಅಮೃತಧಾರಾ–ಲಕ್ಷ್ಮಣಧಾರಾ ಔಷಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಿಡಿದ ಅಳತೆಗೋಲೂ ಅರೆಬರೆ ನೆನಪಿನ ಸಾಮಾನ್ಯ ಗಿರಾಕಿಯದೇ. ಮೊಸಳೆಯ ಮುಖ ಎಡಕ್ಕಿತ್ತೋ ಬಲಕ್ಕಿತ್ತೋ, ಅಂಗಡಿಗೆ ಹೋದವನಿಗೆ ಎಲ್ಲಿ ನೆನಪಿರುತ್ತದೆ?

ಹಾಗಾದರೆ ಹೋಲಿಕೆಯೆಲ್ಲ ಪಾಪವೇ? 1432ರ ಕಾರ್ಕಳದ ಗೊಮ್ಮಟ, 1604ರ ವೇಣೂರಿನ ಗೊಮ್ಮಟ ಇಬ್ಬರೂ ಬೆಳಗೊಳದ ಬಾಹುಬಲಿಯನ್ನೇ ಹೋಲುತ್ತಾರೆ. ಅದೇ ಹೆಸರು, ಅದೇ ನಿಲುವು, ತೊಡೆಗೆ ಹಬ್ಬಿದ ಅದೇ ಬಳ್ಳಿ. ಆದರೂ ಕಾರ್ಕಳದ ಮೆಟ್ಟಿಲು ಹತ್ತಿದ ಯಾರೂ ಬೆಳಗೊಳಕ್ಕೆ ಬಂದೆವೆಂದು ಮೋಸಹೋಗುವುದಿಲ್ಲ. ವಂಚನೆ ಇಲ್ಲದಲ್ಲಿ ಅತಿಚಾರವೂ ಇಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಗಿರಾಕಿಯ ನೆಪ ಹೇಳಿಕೊಂಡು ಎಲ್ಲರ ಹೆಸರಿಗೆ ಒಬ್ಬನೇ ಬೇಲಿ ಹಾಕಿದರೆ? ಆಗ ಅದು ಪರಿಗ್ರಹವೇ, ಒಪ್ಪಿದೆ. ಊದುಬತ್ತಿಗೆ ‘ರಾಮಾಯಣ’ವನ್ನು ಒಬ್ಬರ ಸ್ವತ್ತು ಮಾಡಲು 2015ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನಾಳೆ ಯಾರಾದರೂ ಪಂಚೆಗೆ ‘ಬಾಹುಬಲಿ’ ಎಂದು ಹೆಸರಿಟ್ಟರೆ ತಮ್ಮ ಅಕ್ಷರದ ಬಾಗು, ಚೀಟಿಯ ಬಣ್ಣ ಕಾಪಾಡಿಕೊಳ್ಳಲಿ. ಹೆಸರಿಗೆ ಒಡೆತನ ಕೇಳುವುದು ಅತಿಯಾಯಿತು. ಹಾಗೆಂದು ಗುರುತು ಹಾಕುವುದೇ ತಪ್ಪಲ್ಲ: ಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನೂ ಹೆಸರು ಬರೆಸದೆ ಬಿಡಲಿಲ್ಲ. ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು, ಮರಾಠಿಗಳಲ್ಲಿ ಅದು ಇದೆ, ಮಾಡಿಸಿದವನು ತಾನೆಂಬಷ್ಟೇ ಮಾತು. ಹೊಯ್ಸಳರ ದಂಡನಾಯಕ ಗಂಗರಾಜ ಮುಂದೆ ಸುತ್ತಾಲಯ ಕಟ್ಟಿಸಿದಾಗ ತನ್ನ ಸಾಲನ್ನೂ ಅಲ್ಲಿಯೇ ಕೆತ್ತಿಸಿದ. ಮೂರ್ತಿ ಯಾರು ಮಾಡಿಸಿದ್ದು, ಸುತ್ತಾಲಯ ಯಾರು ಕಟ್ಟಿಸಿದ್ದು ಎಂದು ಓದುವವನಿಗೆ ಇವತ್ತಿಗೂ ಗೊಂದಲವಾಗುವುದಿಲ್ಲ.