ಬಿಟ್ಟಿದ್ದು, ಬಿಡಿಸಿದ್ದು

ಹೋದ ವರ್ಷ ಬೋನಸ್ ಬಂದ ವಾರ ಒಂದು ಲಕ್ಷ ರೂಪಾಯಿಯ ಚೆಕ್ ಬರೆದೆ. ತಾರೀಖು ಹಾಕಿದೆ, ಸಹಿ ಹಾಕಿದೆ, ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟೆ. ಯಾಕಂದ್ರೆ ಯಾರಿಗೆ ಕೊಡಬೇಕು ಅಂದುಕೊಂಡಿದ್ದೆನೋ ಅವರ ಪೂರ್ತಿ ಹೆಸರೇ ನನಗೆ ಗೊತ್ತಿರಲಿಲ್ಲ. ಹತ್ತು ವರ್ಷ ಅವರ ಶಾಲೆಯಲ್ಲಿ ಓದಿದರೂ ನಾವು ಅವರನ್ನು ಕರೆದಿದ್ದು 'ಸಿಸ್ಟರ್' ಅಂತ, ಅಷ್ಟೇ.

ಅವರೀಗ ಬೆಂಗಳೂರಿನ ಹೊರವಲಯದಲ್ಲಿ, ವಯಸ್ಸಾದ ಸಿಸ್ಟರ್‌ಗಳೆಲ್ಲ ಒಟ್ಟಿಗೆ ಇರುವ ಮನೆಯೊಂದರಲ್ಲಿದ್ದಾರೆ ಅಂತ ಹಳೇ ಕ್ಲಾಸ್‌ಮೇಟ್ ಒಬ್ಬ ಹೇಳಿದ. ನನ್ನ ಫ್ಲಾಟಿನಿಂದ ಒಂದೂವರೆ ಗಂಟೆ ದಾರಿ. ಹದಿಮೂರು ವರ್ಷದಿಂದ ನಾನು ಇದೇ ಊರಲ್ಲಿದ್ದೀನಿ. ಒಂದು ಸಲವೂ ಹುಡುಕಿರಲಿಲ್ಲ.

ಸಿಸ್ಟರ್‌ಗೆ ಈಗ 88. ವರಾಂಡದಲ್ಲಿ ಬಿಸಿಲಿಗೆ ಕೂತಿದ್ದರು. ನನ್ನ ಗುರುತು ಹತ್ತಲಿಲ್ಲ. ಊರಿನ ಹೆಸರು ಹೇಳಿದೆ, ಅಪ್ಪ ಫರ್ಸಿ ಖಣಿಯಲ್ಲಿ ಕೆಲಸ ಮಾಡ್ತಿದ್ದದ್ದು ಹೇಳಿದೆ. ತುಸು ಹೊತ್ತು ನನ್ನ ಮುಖ ನೋಡಿ, 'ಓ, ಅವಳ ತಮ್ಮನಾ ನೀನು?' ಅಂದರು. ಅಕ್ಕನ ಹೆಸರು ನೆನಪಿತ್ತು. ನನ್ನದಿರಲಿಲ್ಲ. 'ಲೆಕ್ಕದಲ್ಲಿ ಅವಳು ನಿನಗಿಂತ ಚುರುಕು ಮಾರಾಯ. ಈಗ ಎಂತ ಮಾಡ್ತಾಳೆ?'

ಆ ಪ್ರಶ್ನೆಗೆ ನಾನು ತಯಾರಾಗಿ ಹೋಗಿರಲಿಲ್ಲ.

ನಮ್ಮ ಕಡೆ ನೋಡದವರಿಗೆ ಸ್ವಲ್ಪ ಹೇಳಬೇಕು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಅಂದ್ರೆ ಸುಣ್ಣದ ಕಲ್ಲಿನ ನೆಲ. ನಮ್ಮ ಕಡೆ ಮನೆ ನೆಲ ಫರ್ಸಿ, ಎಷ್ಟೋ ಮನೆಗಳ ಮಾಳಿಗೆಯೂ ಫರ್ಸಿ, ಹೊಲದ ಬೇಲಿಯೂ ಅಲ್ಲಲ್ಲಿ ನಿಲ್ಲಿಸಿದ ಫರ್ಸಿ. ಅದೇ ಕಲ್ಲು ಪುಡಿಯಾದರೆ ಸಿಮೆಂಟ್. ಅದಕ್ಕೇ ಇಷ್ಟು ಫ್ಯಾಕ್ಟರಿ. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇರೋದೂ ಸೇಡಂ ತಾಲ್ಲೂಕಲ್ಲೇ. ಕನ್ನಡದ ಮೊದಲ ಉಪಲಬ್ಧ ಗ್ರಂಥ ಇಲ್ಲಿಯ ಆಸ್ಥಾನದಲ್ಲಿ ಹುಟ್ಟಿತು ಅಂತ ನಾವು ಎದೆ ಉಬ್ಬಿಸಿ ಹೇಳ್ತೀವಿ. ಆದರೆ 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಹೆಣ್ಣುಮಕ್ಕಳ ಸಾಕ್ಷರತೆ ಶೇ. 68ರಷ್ಟಿದ್ದಾಗ, ನಮ್ಮ ಜಿಲ್ಲೆಯಲ್ಲಿ ಶೇ. 55ರ ಆಸುಪಾಸಲ್ಲಿತ್ತು. ಆ ಉಳಿದ 45ರ ಪಕ್ಕ, ಲೆಕ್ಕಕ್ಕೇ ಸಿಗದ ಇನ್ನೊಂದು ಗುಂಪಿದೆ: ಓದಲು ಬರೆಯಲು ಬರುತ್ತೆ, ಹಾಗಾಗಿ ಸಾಕ್ಷರರು, ಆದರೆ ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ್ದಾರೆ. ಅಕ್ಕ ಆ ಗುಂಪಿನವಳು.

1999ರ ಬೇಸಿಗೆ. ಅಕ್ಕ ಏಳನೇದು ಮುಗಿಸಿದ್ದಳು, ನಾನು ನಾಲ್ಕನೇದು. ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿದ ಸಂವಿಧಾನ ತಿದ್ದುಪಡಿ ಬಂದದ್ದು 2002ರಲ್ಲಿ, ಕಾಯ್ದೆ ಜಾರಿಯಾದದ್ದು 2010ರಲ್ಲಿ. ಅಕ್ಕನ ಪಾಲಿಗೆ ಎರಡೂ ಲೇಟು. ಜೂನ್‌ನಲ್ಲಿ ಅವಳು ಶಾಲೆಗೆ ಬಾರದಿದ್ದಾಗ ಸಿಸ್ಟರ್ ಬಸ್ಸಿಳಿದು, ಮುಂದಿನ ದಾರಿ ನಡೆದು ನಮ್ಮ ಮನೆಗೆ ಬಂದರು. ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಬಂದರು.

'ಹುಡುಗಿ ದೊಡ್ಡಾಕಿ ಆಗ್ಯಾಳ್ರಿ. ಇಬ್ಬರ್ದೂ ಫೀಸ್ ಕಟ್ಟೋದು ಆಗಂಗಿಲ್ರಿ' ಅಂದ ಅಪ್ಪ.

'ಅವಳ ಫೀಸು ಬೇಡ' ಅಂದರು ಸಿಸ್ಟರ್.

'ಮತ್ತ ಮನ್ಯಾಗ ಕೆಲಸಕ್ಕ ಯಾರ್ರಿ?' ಅಂದಳು ಅವ್ವ.

ಆ ಮಾತಿಗೆ ಸಿಸ್ಟರ್ ಬಳಿ ಉತ್ತರ ಇರಲಿಲ್ಲ. ಈ ಅಮ್ಮ ಯಾಕ ಇಷ್ಟು ಬೆನ್ನು ಹತ್ಯಾರ, ಧರ್ಮಕ್ಕ ಸೇರಿಸ್ಕೊಳ್ಳಾಕೇನು ಅಂತ ಓಣಿಯಲ್ಲಿ ಮಾತೂ ಆಯಿತು. ಹತ್ತು ವರ್ಷದಲ್ಲಿ ಅವರು ನಮ್ಮ ಮೇಲೆ ಹೇರಿದ್ದು ಭಿನ್ನರಾಶಿ ಒಂದೇ. ಆದರೂ ಮಾತು ಆಯಿತು. ಅಕ್ಕ ಮನೆಯಲ್ಲಿ ಉಳಿದಳು, ನಾನು ಶಾಲೆಗೆ ಹೋದೆ. ಹದಿನೆಂಟಕ್ಕೆ ಅವಳ ಮದುವೆ ಆಯಿತು, ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿಗೆ. ನಾನು ಕಲಬುರಗಿಯಲ್ಲಿ ಬಿಇ ಮಾಡಿ ಬೆಂಗಳೂರಿಗೆ ಬಂದೆ.

ವರಾಂಡಕ್ಕೆ ವಾಪಸ್ ಬರೋಣ. ನಾನು ಚೆಕ್ ತೆಗೆದೆ. ಸಿಸ್ಟರ್ ಕನ್ನಡಕ ಹಾಕಿಕೊಂಡು ನೋಡಿ ನಕ್ಕರು. 'ಇದು ನನ್ನ ಕೈಗೆ ಬಂದರೂ ನನ್ನದಾಗುವುದಿಲ್ಲ. ಸುಪೀರಿಯರ್ ಹತ್ರ ಕೊಟ್ಟರೆ ರಸೀದಿ ಕೊಡ್ತಾರೆ. ಆದರೆ ನಿನಗೆ ನನಗೇ ಕೊಡಬೇಕು ಅಂತ ಇದೆ, ಅಲ್ವಾ?'

ಹೌದು, ಅದೇ ಇತ್ತು. ಋಣ ತೀರಿಸಿ ಹಗುರಾಗಬೇಕಿತ್ತು. ಆದರೆ ಸಾಲ ಕೊಟ್ಟವರಿಗೇ ಜೇಬಿಲ್ಲ ಅಂದ್ರೆ ಏನು ಮಾಡೋದು?

ಇದು ಬರೀ ಭಾವುಕ ಮಾತಲ್ಲ, ಕೋರ್ಟಿನವರೆಗೆ ಹೋದ ವಿಷಯ. ಅನುದಾನಿತ ಶಾಲೆಗಳಲ್ಲಿ ಪಾಠ ಮಾಡುವ ಸಿಸ್ಟರ್‌ಗಳು, ಫಾದರ್‌ಗಳ ಸಂಬಳಕ್ಕೆ ಟಿಡಿಎಸ್ ಹಿಡಿಯಬಹುದಾ ಅಂತ ವರ್ಷಗಟ್ಟಲೆ ವಾದ ನಡೆದಿತ್ತು. ಬಡತನದ ವ್ರತ ತೊಟ್ಟವರು ಚರ್ಚಿನ ಕಾನೂನಿನ ಕಣ್ಣಲ್ಲಿ ಲೌಕಿಕವಾಗಿ ಸತ್ತಂತೆ, ಅವರ ಸಂಬಳ ಅವರದ್ದಲ್ಲ, ಸಭೆಯದ್ದು ಅನ್ನೋದು ಚರ್ಚಿನ ಕಡೆಯವರ ವಾದ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸಂಬಳ ಅಂದ ಮೇಲೆ ಟಿಡಿಎಸ್ ಇದ್ದದ್ದೇ ಅಂತಾಯಿತು. ತೆರಿಗೆ ಮಟ್ಟಿಗೆ ಅದು ಸರಿ ಅಂತಲೇ ನನಗೂ ಅನ್ಸುತ್ತೆ. ಆದರೆ ಫಾರ್ಮ್ 16 ಕೈಗೆ ಬಂದಾಗ ಕಟ್ ಆದದ್ದನ್ನು ನೋಡಿ ಹೊಟ್ಟೆ ಉರಿಸಿಕೊಳ್ಳೋ ನಮ್ಮಂಥವರಿಗೆ, ಇಡೀ ಸಂಬಳವೇ ನನ್ನದಲ್ಲ ಅಂತ ಜೀವಮಾನ ಪೂರ್ತಿ ಬದುಕೋದನ್ನು ಕಲ್ಪಿಸಿಕೊಳ್ಳೋದೂ ಕಷ್ಟ.

ನಮ್ಮ ನೆಲಕ್ಕೆ ಇದು ಹೊಸದೇನಲ್ಲ. ಆಯ್ದಕ್ಕಿ ಲಕ್ಕಮ್ಮನ ಕತೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಾಕೆ ಅವಳು. ಕಲಬುರಗಿಯ ಶರಣಬಸವೇಶ್ವರರ ಹೆಸರು ಹೇಳಿದರೆ ಮೊದಲು ನೆನಪಾಗೋದು ದಾಸೋಹ. ಅಂದ್ರೆ ಬಿಡೋದು, ಹಂಚೋದು ನಮಗೆ ಗೊತ್ತಿರೋ ಮಾತೇ. ಆ ಮಾತಿನ ಬೆನ್ನಲ್ಲೇ ನನಗೆ ಕಾಡೋ ಪ್ರಶ್ನೆಯೂ ಇದೆ.

ಸಿಸ್ಟರ್ ಬಿಟ್ಟದ್ದನ್ನು ಲೆಕ್ಕ ಹಾಕಿ: ಸಂಬಳ, ಮದುವೆ, ಮಕ್ಕಳು, ಯಾವ ಊರಲ್ಲಿರಬೇಕು ಅನ್ನೋ ಆಯ್ಕೆ. ಅಕ್ಕ ಬಿಟ್ಟದ್ದು: ಓದು, ಸಂಬಳ ಬರಬಹುದಾಗಿದ್ದ ಕೆಲಸ, ಯಾವ ಊರಲ್ಲಿರಬೇಕು ಅನ್ನೋ ಆಯ್ಕೆ. ಎಕ್ಸೆಲ್ ಶೀಟಲ್ಲಿ ಹಾಕಿದರೆ ಎರಡು ಕಾಲಮ್ಮೂ ಹೆಚ್ಚುಕಮ್ಮಿ ಸರಿಹೊಂದುತ್ತೆ. ಹಾಗಾದರೆ ಒಬ್ಬರನ್ನು ನೋಡಿದಾಗ ಕೈ ಮುಗಿಯಬೇಕು ಅನ್ಸೋದು, ಇನ್ನೊಬ್ಬಳನ್ನು ನೋಡಿದಾಗ ತಲೆ ತಗ್ಗಿಸಬೇಕು ಅನ್ಸೋದು ಯಾಕೆ?

'ನಿಮ್ಮನ್ನು ಯಾರಾದ್ರೂ ಬಲವಂತ ಮಾಡಿದ್ರಾ?' ಅಂತ ಸಿಸ್ಟರನ್ನೇ ಕೇಳಿಬಿಟ್ಟೆ.

'ಬಲವಂತವಾ? ಒಂಬತ್ತು ವರ್ಷ ಕೇಳ್ತಾ ಇದ್ದರು ಮಾರಾಯ, ನಿನಗೆ ನಿಜವಾಗಿ ಬೇಕಾ, ನಿಜವಾಗಿ ಬೇಕಾ ಅಂತ. ಕೇಳಿ ಕೇಳಿ ಸಾಕು ಮಾಡಿದರು.'

ಆಮೇಲೆ ನಾನು ಓದಿ ನೋಡಿದೆ. ಕ್ಯಾಥೋಲಿಕ್ ಚರ್ಚಿನ 1983ರ ಕಾನೂನು ಸಂಹಿತೆಯಲ್ಲಿ ಇದು ಸ್ಪಷ್ಟವಾಗಿದೆ. ಮೊದಲು ಕನಿಷ್ಠ ಒಂದು ವರ್ಷ ನವಶಿಷ್ಯತ್ವ. ಆಮೇಲೆ ಮೂರರಿಂದ ಆರು ವರ್ಷ ತಾತ್ಕಾಲಿಕ ವ್ರತ. ಬೇಕಾದರೆ ಅದನ್ನು ಒಂಬತ್ತರವರೆಗೂ ಎಳೆಯಬಹುದು. ಅವಧಿ ಮುಗಿದಾಗ ಎದ್ದು ಮನೆಗೆ ಹೋಗಬಹುದು. 21 ತುಂಬದವರು ಶಾಶ್ವತ ವ್ರತ ತೆಗೆದುಕೊಳ್ಳುವಂತಿಲ್ಲ. ಬಲವಂತದಿಂದಲೋ, ತೀವ್ರ ಭಯದಿಂದಲೋ, ಮೋಸದಿಂದಲೋ ತೆಗೆದುಕೊಂಡ ವ್ರತ ವ್ರತವೇ ಅಲ್ಲ. ಸಿಸ್ಟರ್ ಸೇರಿದ್ದು ಇದಕ್ಕೂ ಮುಂಚೆ. ಆದರೆ ಅವರ ಕಾಲದಲ್ಲೂ ಕೇಳದೆ ಬಿಡುತ್ತಿರಲಿಲ್ಲ ಅನ್ನೋದಕ್ಕೆ ಅವರೇ ಸಾಕ್ಷಿ.

ಕಾನೂನು ಪುಸ್ತಕದಲ್ಲಿರೋದೆಲ್ಲ ನೆಲದ ಮೇಲೆ ಹಾಗೇ ನಡೆಯುತ್ತೆ ಅಂತ ನಾನು ಹೇಳ್ತಿಲ್ಲ. ಬಡ ಮನೆಯ ಹುಡುಗಿಯೊಬ್ಬಳ 'ಹೂಂ'ನಲ್ಲಿ ಎಷ್ಟು ಪಾಲು ಅವಳದ್ದು, ಎಷ್ಟು ಪಾಲು ಮನೆಯದ್ದು ಅಂತ ತೂಗಿ ಹೇಳೋರ್ಯಾರು? ಅಷ್ಟಕ್ಕೂ ಸಿಇಟಿ ರ‍್ಯಾಂಕ್ ಬಂದಾಗ ಕಂಪ್ಯೂಟರ್ ಸೈನ್ಸ್ ಬೇಕಾ ಅಂತ ನನ್ನನ್ನೇ ಯಾರು ಕೇಳಿದ್ದರು? ಆದರೂ ಕೇಳಲೇಬೇಕು ಅನ್ನೋ ನಿಯಮ ಇರೋ ಜಾಗಕ್ಕೂ, ಕೇಳೋ ಪದ್ಧತಿಯೇ ಇಲ್ಲದ ಮನೆಗೂ ವ್ಯತ್ಯಾಸ ಇದೆ.

ಒಮ್ಮೆ ಒಪ್ಪಿಬಿಟ್ಟರೆ ಮುಗೀತಾ? ಅದೂ ಇಲ್ಲ. ಕರಾವಳಿಯ ಎಷ್ಟೋ ಹೆಣ್ಣುಮಕ್ಕಳ ಶಾಲೆಗಳ ಹಿಂದೆ ಇರೋ ಮದರ್ ವೆರೋನಿಕಾ ಅವರನ್ನೇ ನೋಡಿ. ಹುಟ್ಟುಹೆಸರು ಸೋಫಿ ಲೀವ್ಸ್. 1823ರಲ್ಲಿ, ಈಗ ಇಸ್ತಾಂಬುಲ್ ಅನ್ನೋ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಆಂಗ್ಲಿಕನ್ ಪಾದ್ರಿಯ ಮಗಳಾಗಿ ಹುಟ್ಟಿದರು. 1850ರಲ್ಲಿ ಕ್ಯಾಥೋಲಿಕ್ ಆದರು, ಮರುವರ್ಷ ಸಿಸ್ಟರ್ ಆಗಲು ಹೊರಟರು, 1860ರ ದಶಕದಲ್ಲಿ ಕಲ್ಲಿಕೋಟೆಯಲ್ಲಿ ಕೆಲಸ ಮಾಡಿದರು. ಮಂಗಳೂರಿಗೆ ಕಲಿಸುವ ಸಿಸ್ಟರ್‌ಗಳು ಬೇಕು ಅಂತ 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೋಸ್ಟೋಲಿಕ್ ಕಾರ್ಮೆಲ್ ಸಭೆ ಕಟ್ಟಿದರು. ಅಲ್ಲಿ ತಯಾರಾದ ಮೂವರು 1870ರಲ್ಲಿ ಮಂಗಳೂರಿಗೆ ಬಂದರು. ಆದರೆ 1873ರಲ್ಲಿ ಬಯೋನಿನ ಮನೆಯೇ ಮುಚ್ಚಿತು. ವೆರೋನಿಕಾ ಪಾಠ, ಶಾಲೆ ಎಲ್ಲ ಬಿಟ್ಟು ಏಕಾಂತದ ಮಠಕ್ಕೆ ಮರಳಿದರು. ಆಮೇಲೆ 33 ವರ್ಷ ಬದುಕಿದ್ದು 1906ರಲ್ಲಿ, 83ನೇ ವಯಸ್ಸಿನಲ್ಲಿ, ಪೋ ಪಟ್ಟಣದಲ್ಲಿ ತೀರಿಕೊಂಡರು. ತಾನು ಕಳಿಸಿದವರು ಬೆಳೆಸಿದ ಶಾಲೆಗಳನ್ನು ನೋಡಲು ಮತ್ತೆ ಭಾರತಕ್ಕೆ ಬರಲಿಲ್ಲ. 1921ರಲ್ಲಿ ಅದೇ ಸಭೆಯವರು ಮಂಗಳೂರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ಶುರು ಮಾಡಿದಾಗ ಅವರು ಹೋಗಿ 15 ವರ್ಷ ಆಗಿತ್ತು.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಪ್ರಾಡಕ್ಟ್ ಲಾಂಚ್ ಆಗೋ ಹೊತ್ತಿಗೆ ಅದರ ಫೌಂಡರ್ ಟೀಮಲ್ಲೇ ಇಲ್ಲ. ಇದನ್ನು ಸೋಲು ಅನ್ನೋಣವಾ? ಕೆಲಸ ನಿಂತಿದ್ದರೆ ಅನ್ನಬಹುದಿತ್ತು. ಕೆಲಸ ನಡೀತು. ನೋವಾಗಲಿಲ್ಲ ಅಂತಲೂ ನಾನು ನಂಬೋದಿಲ್ಲ. ನಮ್ಮ ಸಿಸ್ಟರನ್ನೂ ಒಂದು ಸಲ, ಹತ್ತನೇ ಕ್ಲಾಸಿನವರ ಪರೀಕ್ಷೆಗೆ ಮೂರು ತಿಂಗಳಿರುವಾಗ ವರ್ಗ ಮಾಡಿದರಂತೆ. 'ವಾಡಿ ಸ್ಟೇಷನ್ನಿನಲ್ಲಿ ಕೂತು ಅತ್ತೆ' ಅಂದರು. 'ಕಳಿಸಿದಲ್ಲಿಗೆ ಹೋಗ್ತೇನೆ ಅಂತ ಹೇಳಿದವಳು ನಾನೇ ಅಲ್ವಾ? ಹಾಗಾಗಿ ಅತ್ತು, ಹೋದೆ.' ತಾನೇ ಒಪ್ಪಿದ ಮಾತಿಗೆ ಅಳುತ್ತಲೇ ನಡೆದುಕೊಳ್ಳೋದು ಒಂಥರಾ ಸ್ವಾತಂತ್ರ್ಯ ಅಂತ ನನಗೆ ಅವತ್ತು ಅನ್ನಿಸಿತು. ಯಾರದೋ ಮಾತಿಗೆ ಅಳದೆ ನಡೆದುಕೊಳ್ಳೋದು ಹಾಗಲ್ಲ. ಅಕ್ಕ ಅಳಲಿಲ್ಲ.

ನಮ್ಮ ಮನೆಗಳಲ್ಲಿ 'ತ್ಯಾಗ' ಅನ್ನೋ ಪದ ಬಹಳ ಅಗ್ಗ. ಅವ್ವ ತ್ಯಾಗಮಯಿ, ಅಕ್ಕ ತ್ಯಾಗ ಮಾಡಿದಳು ಅಂತೀವಿ. ತ್ಯಾಗ ಅಂದ್ರೆ ಕೈಯಲ್ಲಿರೋದನ್ನು ತಾನಾಗಿ ಬಿಡೋದು. ಕೈಯಿಂದ ಬಿಡಿಸಿಕೊಂಡದ್ದಕ್ಕೂ ಅದೇ ಹೆಸರಿಟ್ಟರೆ ಲಾಭ ಯಾರಿಗೆ? ಬಿಡಿಸಿಕೊಂಡವರಿಗೆ. ಈ ಲೆಕ್ಕದಲ್ಲಿ ಅಪ್ಪ ಅವ್ವ ಮಾತ್ರ ಬರಲ್ಲ, ನಾನೂ ಬರ್ತೀನಿ. ಅವಳ ಪಾಲಿನ ಫೀಸಲ್ಲಿ, ಅವಳ ಪಾಲಿನ ಹೊತ್ತಲ್ಲಿ ನಾನು ಓದಿದ್ದೀನಿ. ಸಿಸ್ಟರ್ ಕೊಟ್ಟದ್ದು ದಾನ, ಅದನ್ನು ತೀರಿಸದಿದ್ದರೂ ನಡೆಯುತ್ತೆ. ಅಕ್ಕನದು ಸಾಲ. ನಾನು ಚೆಕ್ ಹಿಡಿದು ಹೋಗಿದ್ದೇ ತಪ್ಪು ವಿಳಾಸಕ್ಕೆ.

ಅದಕ್ಕೇ ಊರಿಗೆ ಹೋದಾಗ ಸೇಡಂ ದಾಟಿ ಚಿಂಚೋಳಿ ಕಡೆ ಬಸ್ ಹತ್ತಿದೆ. ಅಕ್ಕ ರೊಟ್ಟಿ ಬಡೀತಿದ್ದಳು. ಸಿಸ್ಟರ್ ನಿನ್ನ ಹೆಸರು ನೆನಪಿಟ್ಟಾರ, ಲೆಕ್ಕದಾಗ ನೀ ನನಗಿಂತ ಚುರುಕಿದ್ದಿ ಅಂದ್ರು ಅಂತ ಹೇಳಿದೆ. ಅವಳ ಕೈ ಒಂದು ಗಳಿಗೆ ನಿಂತಿತು.

'ಅವ್ರು ಬಂದಾಗ ಎರಡು ಸಲಾನೂ ನಾ ಬಾಗಿಲ ಹಿಂದ ನಿಂತಿದ್ದೆ. ಅಪ್ಪನ್ನ ಕೇಳಿದ್ರು, ಅವ್ವನ್ನ ಕೇಳಿದ್ರು. ನನ್ನ ಯಾರೂ ಕೇಳ್ಲಿಲ್ಲ ತಮ್ಮಾ. ಸಿಸ್ಟರ್ ಸುದ್ದಾ.'

ಒಂಬತ್ತು ವರ್ಷ 'ನಿನಗೆ ಬೇಕಾ' ಅಂತ ಕೇಳಿಸಿಕೊಂಡವರಿಗೂ, ಬಾಗಿಲ ಹಿಂದಿನ ಹುಡುಗಿಯನ್ನು ಅದೇ ಮಾತು ಕೇಳಬೇಕು ಅಂತ ಹೊಳೆದಿರಲಿಲ್ಲ. ನನಗೆ ಹೊಳೆಯೋಕೆ ಇಪ್ಪತ್ತೈದು ವರ್ಷ ಬೇಕಾಯಿತು.

'ಈಗ ನಾ ಕೇಳ್ಲಿಕತ್ತೀನಿ' ಅಂದೆ. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಬಹುದು, ಬೇರೆ ಏನಾದ್ರೂ ಬೇಕಂದ್ರೂ ಆಗುತ್ತೆ, ಈ ದುಡ್ಡು ನಿಂದೇ ಅಂತೆಲ್ಲ ಹೇಳುತ್ತಾ, ಒಂಬತ್ತು ವರ್ಷದ ಕತೆಯನ್ನೂ ಹೇಳಿದೆ. ಅವಳು ರೊಟ್ಟಿ ತಿರುವಿ ಹಾಕಿ ಅಂದಳು:

'ಹಂಗಾರ ನನಗೂ ಟೈಮ್ ಕೊಡು. ಕೇಳಿದ ಕೂಡ್ಲೇ ಹೂಂ ಅನ್ಬೇಕಂತ ಎಲ್ಲೈತಿ?'

ಚೆಕ್ಕಿನ ಆಯುಷ್ಯ ಮೂರು ತಿಂಗಳು. ಅದು ಮುಗಿದುಹೋಯಿತು, ಹೆಸರಿನ ಜಾಗ ಇನ್ನೂ ಖಾಲಿ ಇದೆ. ಪ್ರತಿ ಭಾನುವಾರ ಫೋನ್ ಮಾಡ್ತೀನಿ. ಅವಳಿನ್ನೂ ಯೋಚನೆ ಮಾಡ್ತಿದ್ದಾಳೆ.