ಮಡಿಯುಟ್ಟ ಲೋಹ

ಅಜ್ಜಿ ಮಡಿಯುಟ್ಟು ಬಾವಿಕಟ್ಟೆಯಿಂದ ಬರುವಾಗ ನಾವು ಮಕ್ಕಳು ಗೋಡೆಗೆ ಅಂಟಿ ನಿಲ್ಲುತ್ತಿದ್ದೆವು. "ದೂರ ಮಗಾ, ದೂರ." ತೆಂಗಿನಕಾಯಿ ಕೊಯ್ಯಲು ಬರುತ್ತಿದ್ದವನಿಗಂತೂ ಅಂಗಳದಾಚೆಯೇ ನೀರು, ಅದೂ ಮೇಲಿಂದ ಹೊಯ್ಯುವುದು. ಹಿಡಿದು ಕುಡಿಯುವ ಗೆರಟೆಯನ್ನು ಅವನು ಬೇಲಿಗೂಟಕ್ಕೆ ಸಿಕ್ಕಿಸಿ ಹೋಗುತ್ತಿದ್ದ. ಇದು ಧರ್ಮ ಹೌದೇ? ಈ ಪ್ರಶ್ನೆ ನನ್ನನ್ನು ಹಿಡಿದದ್ದು ಶಾಸ್ತ್ರ ಓದುವಾಗ ಅಲ್ಲ, ಒಂದು ಪಂಪು ಬಿಚ್ಚಿದಾಗ.

ಕರಾವಳಿಯ ಕಾರ್ಖಾನೆಯೊಂದರಲ್ಲಿ ನಾನು ಮೂವತ್ತು ವರ್ಷ ಫಿಟ್ಟರ್ ಆಗಿದ್ದೆ. ಕಡಲನೀರು ಎಳೆಯುವ ಆ ಪಂಪಿನ ಮೈ ಮೋನೆಲ್‌ನದು. ಮೂರರಲ್ಲಿ ಎರಡು ಪಾಲು ನಿಕ್ಕಲ್, ಉಳಿದದ್ದು ಬಹುಮಟ್ಟಿಗೆ ತಾಮ್ರ. 1906ರಲ್ಲಿ ಪೇಟೆಂಟ್ ಪಡೆದ ಈ ಮಿಶ್ರಲೋಹ ಓಡುವ ಉಪ್ಪುನೀರಿಗೆ ಜಗ್ಗದು. ಗಾಜನ್ನೇ ತಿನ್ನುವ ಹೈಡ್ರೋಫ್ಲೋರಿಕ್ ಆಮ್ಲವನ್ನೂ ತಾಳುತ್ತದೆಂದು ತೈಲ ಶುದ್ಧೀಕರಣದಲ್ಲಿ ಬಳಸುತ್ತಾರೆ. ಯಾರೋ ನಮ್ಮ ಪಂಪಿಗೆ ಒಳಗಡೆ ಸಾದಾ ಉಕ್ಕಿನ ಬೋಲ್ಟು ಹಾಕಿದ್ದರು. ಬಿಚ್ಚಿ ನೋಡಿದರೆ ಮೋನೆಲ್‌ಗೆ ಒಂದು ಗೀರೂ ಇಲ್ಲ. ಬೋಲ್ಟುಗಳಿಗೆ ಸ್ಪ್ಯಾನರ್ ಹಿಡಿಯಲು ತಲೆಯೇ ಉಳಿದಿರಲಿಲ್ಲ.

ಉಪ್ಪುನೀರಿನಲ್ಲಿ ಇವೆರಡು ತಾಗಿಕೊಂಡಿದ್ದರೆ ಉಕ್ಕಿನ ಇಲೆಕ್ಟ್ರಾನುಗಳು ಮೋನೆಲ್‌ನತ್ತ ಹರಿಯುತ್ತವೆ. ಉಕ್ಕು ಕರಗುತ್ತದೆ, ಮೋನೆಲ್ ಮತ್ತಷ್ಟು ಭದ್ರವಾಗುತ್ತದೆ. ದೊಡ್ಡ ಮೋನೆಲ್‌ಗೆ ಚಿಕ್ಕ ಉಕ್ಕು ಸಿಕ್ಕಿತೋ, ಮುಗಿಯಿತು. ಇಂಗ್ಲಿಷಿನಲ್ಲಿ ಇಂಥ ಲೋಹಕ್ಕೆ 'ನೋಬಲ್' ಎನ್ನುತ್ತಾರೆ, ಅಂದರೆ ಕುಲೀನ! ಅಮೆರಿಕದಲ್ಲಿ 1915ರಲ್ಲಿ ಕಟ್ಟಿದ 'ಸೀ ಕಾಲ್' ಎಂಬ ವಿಹಾರನೌಕೆಗೆ ಹೊರಮೈ ಮೋನೆಲ್, ಒಳಗಿನ ಚೌಕಟ್ಟು ಉಕ್ಕು. ಸ್ವಲ್ಪ ಕಾಲದಲ್ಲೇ ಉಕ್ಕು ಸವೆದು ಇಡೀ ನೌಕೆ ಗುಜರಿ ಸೇರಿತು.

ಇದನ್ನು ಹೇಳಿದಾಗ ನನ್ನ ಚಿಕ್ಕಪ್ಪ, "ಹಾಗಾದರೆ ಮುಟ್ಟದೆ ಇರುವುದೇ ಸರಿಯಾಯಿತಲ್ಲ ಮಾರಾಯ" ಎಂದರು. ಆ ಮಾತಿಗೆ ಉತ್ತರ ಹುಡುಕಲು ನನಗೆ ವರ್ಷಗಳೇ ಬೇಕಾದವು. ನಾವೂ ಎರಡು ಲೋಹಗಳ ನಡುವೆ ವಿದ್ಯುತ್ ಹರಿಯದ ಗ್ಯಾಸ್ಕೆಟ್ ಇಡುತ್ತೇವೆ, ನಿಜ. ಆದರೆ ಅದನ್ನು ಇಡುವುದು ಉಕ್ಕು ಉಳಿಯಲಿ ಎಂದು. ಮೋನೆಲ್‌ಗೆ ಅದರ ಅಗತ್ಯವೇ ಇಲ್ಲ. ನಮ್ಮ ಅಂಗಳದ ದೂರ ಕಾಯುತ್ತಿದ್ದದ್ದು ಅಜ್ಜಿಯನ್ನು. ಸವೆಯುತ್ತಿದ್ದವನು ಬೇಲಿಯಾಚೆ ನಿಂತಿದ್ದ, ಅವನಿಗಾಗಿ ಯಾರೂ ಏನನ್ನೂ ಅಡ್ಡ ಇಡಲಿಲ್ಲ. ಅಜ್ಜಿ ನನ್ನನ್ನು ಎತ್ತಿ ಸಾಕಿದವಳು, ಅವಳ ಮೇಲಿನ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ. ಆದರೂ ಆ ಮಡಿಯನ್ನು ನಾನು ಧರ್ಮವೆಂದು ಒಪ್ಪಲಾರೆ.

ನಿಮ್ಮ ಮನೆಯ ಬೇಲಿಯಲ್ಲಿ ಅಂಥದೊಂದು ಗೆರಟೆ ಇನ್ನೂ ಇದ್ದರೆ, ದಯವಿಟ್ಟು ಇವತ್ತೇ ಒಲೆಗೆ ಹಾಕಿ. ಬಂದವರಿಗೆ ನೀವು ಕುಡಿಯುವ ಲೋಟದಲ್ಲೇ ನೀರು ಕೊಡಿ.